ಸಿಡಿ ಇಲ್ಲದ ಪೆಟ್ಟಿಗೆ

ಲ್ಯಾಪ್‌ಟಾಪ್ ಕೊಂಡ ದಿನ ಬಾಂದ್ರಾದ ಅಂಗಡಿಯಲ್ಲಿ ನನ್ನ ಗಂಡ ಖಾಲಿ ಪೆಟ್ಟಿಗೆಯನ್ನು ಬೋರಲು ಮಾಡಿ ಮೂರು ಸಲ ಕೊಡವಿದರು. ಚಾರ್ಜರ್ ಮೊದಲೇ ಹೊರಗೆ ಬಂದಿತ್ತು. ಕೊಡವಿದಾಗ ಒಂದು ತೆಳ್ಳನೆಯ ಕಾಗದ ಬಿತ್ತು, ಅಷ್ಟೇ. "ಸಿಡಿ ಎಲ್ಲಿ?" ಎಂದು ಹಿಂದಿಯಲ್ಲಿ ಕೇಳಿದರು.

ಮಾರುವ ಹುಡುಗಿಗೆ ನಮ್ಮ ಮಗಳಾಗುವ ವಯಸ್ಸು. "ಅಂಕಲ್, ಸೀಡಿ ಅಬ್ ನಹೀ ಆತೀ. ಸಬ್ ಅಂದರ್ ಹೀ ಹೈ," ಎಂದಳು. ಸಿಡಿ ಈಗ ಬರುವುದಿಲ್ಲ, ಎಲ್ಲ ಒಳಗೇ ಇದೆ. ನಂಬಿಕೆ ಬರಲೆಂದು ಲ್ಯಾಪ್‌ಟಾಪಿನ ನಾಲ್ಕೂ ಮಗ್ಗುಲನ್ನು ತಿರುಗಿಸಿ ತೋರಿಸಿದಳು. ಸಿಡಿ ಇದ್ದರೂ ತೂರಿಸಲು ಜಾಗವೇ ಇರಲಿಲ್ಲ. ಹಿಂದೆ ನಿಂತಿದ್ದ ಗಿರಾಕಿಗಳು ನಕ್ಕರು. ನನಗೆ ನಾಚಿಕೆಯಾಗಿ ಇವರ ತೋಳು ಚಿವುಟಿದೆ.

ಲೋಕಲ್ ರೈಲಿನಲ್ಲಿ ಕೂತ ಮೇಲೂ ಇವರ ಸಿಟ್ಟು ಇಳಿಯಲಿಲ್ಲ. "ತಿಜೋರಿ ಕೀಲಿಕೈ ತಿಜೋರಿ ಒಳಗಽ ಇಟ್ರ ನಾಳೆ ತಗಿಯೋದು ಹ್ಯಾಂಗ?" ಎಂದರು. ನಾನು ಕಿಟಕಿಯ ಹೊರಗೆ ನೋಡಿದೆ.

ಇವರದು ಸ್ಟೋರ್‌ಕೀಪರ್ ಬುದ್ಧಿ. ವಿಜಯಪುರದ ಕಡೆಯಿಂದ ಬಂದವರು ಗೋರೆಗಾಂವ್‌ನಲ್ಲಿ ಕಟ್ಟಡ ಕಟ್ಟುವ ಕಂಪನಿಯೊಂದರ ಗೋದಾಮು ನೋಡಿಕೊಂಡೇ ನಿವೃತ್ತರಾದರು. ಮಶೀನು ಬಂದರೆ ಅದರ ಜೊತೆಗೆ ಬರಬೇಕಾದ ಬೋಲ್ಟು, ಅದನ್ನು ಬಿಗಿಯುವ ಪಾನಾ, ಪುಸ್ತಕ ಎಲ್ಲ ಎಣಿಸಿಯೇ ಸಹಿ. ಒಂದಕ್ಕೊಂದು ಬದಲಿ ಇರಬೇಕು, ಇಲ್ಲದಿದ್ದರೆ ಅದು ಸಾಮಾನೇ ಅಲ್ಲ ಎನ್ನುವುದು ಅವರ ಧರ್ಮ. ನಮ್ಮ ಹಳೆಯ ಕಂಪ್ಯೂಟರನ್ನು ಕಾಂದಿವಲಿಯ ರಿಪೇರಿಯವನೊಬ್ಬ ಜೋಡಿಸಿ ಕೊಟ್ಟಿದ್ದ. ಅದು ಕೆಟ್ಟಾಗ ಒಳಗಿನ ಸಾಫ್ಟ್‌ವೇರ್ ಮತ್ತೆ ಹಾಕುವ ಸಿಡಿ ನಮ್ಮ ಕಬ್ಬಿಣದ ಟ್ರಂಕಿನಲ್ಲಿ ರೇಷನ್ ಕಾರ್ಡು, ಗ್ಯಾಸಿನ ಪುಸ್ತಕದ ಜೊತೆ ಇರುತ್ತಿತ್ತು. ಕಂಪ್ಯೂಟರ್ ಮುಷ್ಕರ ಹೂಡಿದಾಗಲೆಲ್ಲ ಇವರು ಟ್ರಂಕು ತೆರೆದು, ಸಿಡಿಯನ್ನು ಪಂಚೆಯ ಅಂಚಿನಿಂದ ಒರೆಸಿ ನನ್ನ ಕೈಗೆ ಕೊಡುತ್ತಿದ್ದರು. ನಾನು ಹಾಕುತ್ತಿದ್ದೆ. ಅದು ಎದ್ದು ಕೂರುತ್ತಿತ್ತು.

ಹೊಸ ಲ್ಯಾಪ್‌ಟಾಪು ನನ್ನ ಕೆಲಸಕ್ಕೆ. ಬಾಂದ್ರಾದ ವಕೀಲರ ಆಫೀಸೊಂದರಲ್ಲಿ ನಾನು ಟೈಪಿಂಗ್ ಮಾಡುತ್ತೇನೆ, ವಾರಕ್ಕೆ ಎರಡು ದಿನ ಮನೆಯಿಂದ. ಒಂದು ವರ್ಷ ಅದು ನೆಟ್ಟಗೇ ನಡೆಯಿತು.

ಆಮೇಲೆ ಇವರ ದನಿ ಒಡೆಯಿತು. ಶೀತ ಅಂದುಕೊಂಡೆವು, ಜ್ಯೇಷ್ಠಮಧು ಜಗಿದರು, ಅರಿಶಿನದ ಹಾಲು ಕುಡಿದರು. ಮೂರು ತಿಂಗಳು ಹಾಗೇ ಕಳೆದವು. ಕೊನೆಗೆ ಆಸ್ಪತ್ರೆಯಲ್ಲಿ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು, ಗಂಟಲಿನ ಕ್ಯಾನ್ಸರ್, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ನಾನು ಅಲ್ಲೇ ಅತ್ತೆ. ಇವರು ಅಳಲಿಲ್ಲ. ಮನೆಗೆ ಬಂದು ಹಳೆಯ ರಿಜಿಸ್ಟರ್ ತೆಗೆದು ನಂಬರ್ ಹಾಕಿ ಬರೆಯತೊಡಗಿದರು. ಇನ್ನು ಮುಂದೆ ಮನೆಯಲ್ಲಿ ಬೇಕಾಗುವ ಮಾತುಗಳ ಪಟ್ಟಿ ಅದು. ಹೋಗುವ ಮೊದಲು ದನಿಗೂ ಒಂದು ಬದಲಿ ಮಾಡಿ ಇಡೋಣ ಎಂದರು.

ನಮ್ಮ ಬಿಲ್ಡಿಂಗ್ ಹಳಿಗಳ ಪಕ್ಕದಲ್ಲಿದೆ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಗಾಡಿ ಇಲ್ಲದ ಹೊತ್ತು ನೋಡಿ ಲ್ಯಾಪ್‌ಟಾಪಿನ ಮುಂದೆ ರೆಕಾರ್ಡ್ ಮಾಡಿದೆವು. ಇವರು ಪಾಸ್‌ಪೋರ್ಟ್ ಫೋಟೋಕ್ಕೆ ಕೂತ ಹಾಗೆ ನೆಟ್ಟಗೆ ಕೂತಿದ್ದರು. ದನಿ ಆಗಲೇ ಕರಕರ ಎನ್ನುತ್ತಿತ್ತು, ಆದರೂ ಅದು ಇವರದೇ. ಚಾ ಇಡು. ಉಪ್ಪ ಕಮ್ಮಿ ಆಗೇತಿ. ಬಾಗಲಾ ಹಾಕ್ಕೋ. ಹಂಗ್ಯಾಕ ಸಿಟ್ಟಿಗೇಳ್ತಿ. ಒಂದೊಂದು ಮುಗಿದ ಹಾಗೆ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು. ಪಟ್ಟಿಯಲ್ಲಿ ಮೊದಲನೆಯದು, "ಎಲ್ಲೀತನಾ ಬಂದಿ?" ನಾನು ಆಫೀಸು ಬಿಟ್ಟು ಲೋಕಲ್ ಹತ್ತಿದ ಮೇಲೆ ಇವರು ದಿನಾ ಫೋನ್ ಮಾಡಿ ಕೇಳುತ್ತಿದ್ದದ್ದು ಅದೊಂದೇ ಮಾತು.

ಆಸ್ಪತ್ರೆಗೆ ಸೇರುವ ದಿನ ಬೆಳಿಗ್ಗೆ ಇವರು ಸ್ನಾನಕ್ಕೆ ಹೋದಾಗ ನಾನು ಆ ಎಲ್ಲ ಮಾತುಗಳನ್ನು ಒಂದು ಕಪ್ಪು ಪೆನ್ ಡ್ರೈವಿಗೆ ಇಳಿಸಿಕೊಂಡೆ. ಅದರ ತೂತಿಗೆ ಕೆಂಪು ದಾರ ಕಟ್ಟಿ, ಸೂಜಿ ದಾರದ ಬಿಸ್ಕಿಟ್ ಡಬ್ಬಿಯ ತಳದಲ್ಲಿ ಇಟ್ಟೆ. ಇವರಿಗೆ ಹೇಳಲಿಲ್ಲ. ಯಾಕೆಂದರೆ ಆ ಪ್ರತಿ ಇವರಿಗಾಗಿ ಮಾಡಿದ್ದಲ್ಲ, ನನಗಾಗಿ. ಇವರು ಆಪರೇಷನ್ ಟೇಬಲ್ಲಿನ ಮೇಲಿಂದ ಏಳದೇ ಹೋದರೆ ಎಂಬ ಭಯಕ್ಕೆ. ಇಂಥದ್ದನ್ನು ಗಂಡನೆದುರು ಬಾಯಿ ಬಿಟ್ಟು ಹೇಳುವ ಹೆಂಗಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಆಸ್ಪತ್ರೆಗೆ ಹೊರಟವರ ಮುಂದೆ ಅಪಶಕುನ ನುಡಿಯಬಾರದೆಂದು ಅವ್ವ ಕಲಿಸಿದ್ದಳು, ನಾನು ಪಾಲಿಸಿದೆ.

ಇವರು ಎದ್ದರು. ಕುತ್ತಿಗೆಯಲ್ಲೊಂದು ತೂತು, ಅದರಿಂದಲೇ ಉಸಿರು. ಗಂಟಲಿಗೆ ಹಿಡಿದು ಮಾತಾಡುವ ಯಂತ್ರವೊಂದನ್ನು ಕೊಟ್ಟರು. ಒಂದು ಸಲ ಹಿಡಿದು ನೋಡಿದರು, ಮಿಕ್ಸರ್ ಮಾತಾಡಿದ ಹಾಗಾಯಿತು. ಅದು ಟ್ರಂಕು ಸೇರಿತು. ಮನೆಯಲ್ಲಿ ಸ್ಲೇಟು ಮತ್ತು ಲ್ಯಾಪ್‌ಟಾಪು. ಸಂಜೆ ಗಾಡಿ ಬಾಂದ್ರಾ ಬಿಟ್ಟ ಸ್ವಲ್ಪ ಹೊತ್ತಿಗೆ ನನ್ನ ಫೋನ್ ಬಡಿದುಕೊಳ್ಳುತ್ತಿತ್ತು. ಅಲ್ಲಿ ಇವರು ಫೋನನ್ನು ಲ್ಯಾಪ್‌ಟಾಪಿಗೆ ಒತ್ತಿ ಹಿಡಿದು ಮೊದಲನೇ ನಂಬರು ಒತ್ತುತ್ತಿದ್ದರು. "ಎಲ್ಲೀತನಾ ಬಂದಿ?" ಲೇಡೀಸ್ ಡಬ್ಬಿಯ ಗದ್ದಲದಲ್ಲಿ ನಾನು ಒಂದು ಕಿವಿ ಮುಚ್ಚಿಕೊಂಡು ಆ ಕರಕರ ದನಿ ಕೇಳುತ್ತಿದ್ದೆ. ನಿಜ ಹೇಳುತ್ತೇನೆ, ಆ ಎಂಟು ತಿಂಗಳು ನಾನು ಸುಖವಾಗಿದ್ದೆ.

ಒಂದು ಸೋಮವಾರ ಲ್ಯಾಪ್‌ಟಾಪ್ ಏಳಲಿಲ್ಲ. ನೀಲಿ ಪರದೆ, ನಡುವೆ ಗಿರಗಿರ ಸುತ್ತುವ ಚುಕ್ಕಿಗಳು. ಮಧ್ಯಾಹ್ನದೊಳಗೆ ಆಫೀಸಿಗೆ ಒಂದು ಅರ್ಜಿ ಟೈಪ್ ಮಾಡಿ ಕಳಿಸಬೇಕಿತ್ತು. ಸಾಹೇಬರ ಫೋನಿನ ಮೇಲೆ ಫೋನ್. ನಾನು ಲ್ಯಾಪ್‌ಟಾಪಿಗೂ ಬೈದೆ, ಅದನ್ನು ಮಾರಿದ ಹುಡುಗಿಗೂ ಬೈದೆ. ಇವರು ಸದ್ದಿಲ್ಲದೆ ಎದ್ದು ಹೋಗಿ ಟ್ರಂಕು ತೆರೆದರು. ಗ್ಯಾಸಿನ ಪುಸ್ತಕದೊಳಗಿಂದ ಒಂದು ಸಣ್ಣ ಪೊಟ್ಟಣ ತಂದು ನನ್ನ ಕೈಗಿಟ್ಟರು. ಗಂಟಲಿನ ಡ್ರೆಸ್ಸಿಂಗಿಗೆ ಹಾಕುವ ಬಿಳಿ ಅಂಟುಪಟ್ಟಿಯನ್ನು ಮೈತುಂಬ ಬಿಗಿಯಾಗಿ ಸುತ್ತಿದ ಪೆನ್ ಡ್ರೈವ್. ಮೇಲೆ ರಿಜಿಸ್ಟರಿನ ಅಕ್ಷರದಲ್ಲಿ ಬರೆದಿತ್ತು: ಲ್ಯಾಪ್‌ಟಾಪ್ ಸಿಡಿ.

ನಾನು ಆಫೀಸಿಗೆ ಹೋದ ದಿನಗಳಲ್ಲಿ ಕೂತು, ಲ್ಯಾಪ್‌ಟಾಪು ಹೇಳಿದ ಹಾಗೆ ಮಾಡಿ, ಸಿಡಿಯ ಬದಲಿಯನ್ನು ತಾವೇ ತಯಾರಿಸಿದ್ದರಂತೆ. ಸ್ಲೇಟಿನ ಮೇಲೆ ಬರೆದು ತೋರಿಸುವಾಗ ಮುಖ ಅರಳಿತ್ತು. ನನಗೂ ಹೆಮ್ಮೆಯಾಯಿತು.

ಪೆನ್ ಡ್ರೈವ್ ಚುಚ್ಚಿದೆ. ಕಡತಗಳನ್ನು ಉಳಿಸಿ ಸರಿಪಡಿಸುವ ದಾರಿ ಎರಡು ಸಲ ಸೋತಿತು. ಉಳಿದದ್ದು ಒಂದೇ, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುವುದು. ಇವರು ನನ್ನ ಮಣಿಕಟ್ಟು ಹಿಡಿದು ತಮ್ಮ ಕುತ್ತಿಗೆಯ ಕಡೆ ಬೆರಳು ತೋರಿಸಿದರು. "ಹೆದರಬ್ಯಾಡ್ರಿ, ನಿಮ್ಮ ಮಾತೆಲ್ಲಾ ನಾ ಎತ್ತಿಟ್ಟೀನಿ," ಎಂದೆ. ಕೈ ಬಿಟ್ಟರು. ನಾನು ಒತ್ತಿದೆ.

ಒಂದೂವರೆ ತಾಸಿಗೆ ಲ್ಯಾಪ್‌ಟಾಪು ಅಂಗಡಿಯಿಂದ ತಂದ ದಿನದ ಹಾಗೆ ಹೊಳೆಯಿತು. ಅರ್ಜಿ ಕಳಿಸಿ, ಬಿಸ್ಕಿಟ್ ಡಬ್ಬಿ ತೆಗೆದೆ. ಗುಂಡಿಗಳು, ದಾರದ ಉಂಡೆಗಳು, ಆಫೀಸಿನ ಎರಡು ಹಳೆಯ ಪೆನ್ ಡ್ರೈವ್. ಕಪ್ಪನೆಯದು ಇರಲಿಲ್ಲ. ಡಬ್ಬಿಯನ್ನು ನೆಲದ ಮೇಲೆ ಸುರಿದೆ. ಆಗ ಇವರು ಕೊಟ್ಟ ಪೊಟ್ಟಣ ನೆನಪಾಯಿತು. ಇವರು ಚಾ ಮಾಡಲು ಒಳಗೆ ಹೋಗಿದ್ದರು. ಲ್ಯಾಪ್‌ಟಾಪಿನಿಂದ ಪೆನ್ ಡ್ರೈವ್ ಕಿತ್ತು, ಬಿಳಿ ಪಟ್ಟಿಯನ್ನು ಉಗುರಿನಿಂದ ಬಿಡಿಸಿದೆ. ಒಳಗಿನಿಂದ ನನ್ನ ಕೆಂಪು ದಾರ ಹೊರಗೆ ಬಂತು.

ಅದು ಖಾಲಿ ಎಂದುಕೊಂಡೇ ಇವರು ಡಬ್ಬಿಯಿಂದ ತೆಗೆದಿರಬೇಕು. ಪೆನ್ ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಯುತ್ತದೆ, ಸರಿಯೇ ಎಂದು ಲ್ಯಾಪ್‌ಟಾಪು ಕೇಳಿರುತ್ತದೆ, ಇವರು ಹೌದು ಎಂದಿರುತ್ತಾರೆ. ಅದರಲ್ಲಿ ಏನಿದೆ ಎಂದು ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಒಂದು ಪ್ರತಿಯನ್ನು ಅವರು ಕೈಯಾರೆ ಅಳಿಸಿದ್ದರು, ಇನ್ನೊಂದನ್ನು ನಾನು.

ಪಟ್ಟಿಯನ್ನು ಮತ್ತೆ ಮೊದಲಿನ ಹಾಗೇ ಸುತ್ತಿದೆ. ಇವರು ಎರಡು ಲೋಟ ಚಾ ತಂದಿಟ್ಟು ಲ್ಯಾಪ್‌ಟಾಪಿನ ಮುಂದೆ ಕೂತು, ನನ್ನ ಮುಖ ನೋಡಿದರು. ಹಾಕು ಎಂದು ಸನ್ನೆ ಮಾಡಿದರು.

"ಪರ್ಸಿನ್ಯಾಗ ಇಟ್ಟಿದ್ದೆ ರೀ," ಎಂದೆ. "ಲೋಕಲ್‌ನ್ಯಾಗ ಎಲ್ಲೋ ಬಿದ್ದದ. ನಂದಽ ತಪ್ಪು."

ಅವರು ಚಾ ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಸ್ಲೇಟು ಎಳೆದುಕೊಂಡು ಬರೆದರು: "ಇರಲಿ ಬಿಡು. ನನ್ನ ಸಿಡಿ ಕೆಲಸಕ್ಕ ಬಂತಲ್ಲ."

ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಮರುದಿನ ಆಫೀಸಿಗೆ ಬೇಕೆಂದು ಇವರಿಗೆ ಸುಳ್ಳು ಹೇಳಿ ಲ್ಯಾಪ್‌ಟಾಪು, ಪೆನ್ ಡ್ರೈವ್ ಎರಡನ್ನೂ ಕಾಂದಿವಲಿಯ ರಿಪೇರಿಯವನ ಹತ್ತಿರ ಒಯ್ದೆ. ಎರಡು ದಿನ ಇಟ್ಟುಕೊಂಡು ಏನೂ ಸಿಗಲಿಲ್ಲ ಎಂದು ವಾಪಸು ಕೊಟ್ಟ. ಫೋನಿನಲ್ಲಿ ಹುಡುಕಿದೆ. ನಾದಿನಿಯ ಮಗಳ ಮದುವೆಯ ಒಂದು ವಿಡಿಯೋದಲ್ಲಿ ಇವರು ಹಿಂದೆ ನಿಂತು ಏನೋ ಹೇಳುತ್ತಾರೆ, ಬ್ಯಾಂಡಿನ ಸದ್ದಿಗೆ ಕೇಳಿಸುವುದಿಲ್ಲ.

ಪೆನ್ ಡ್ರೈವ್ ಟ್ರಂಕಿಗೆ ವಾಪಸು ಹೋಯಿತು. ಯಾರಾದರೂ ಬಂದರೆ ಇವರು ಅದನ್ನು ತೆಗೆದು ತೋರಿಸುತ್ತಾರೆ, ಕಂಪನಿಯವರು ಕೊಡದಿದ್ದದ್ದನ್ನು ತಾವೇ ಮಾಡಿಕೊಂಡ ಕತೆಯನ್ನು ಸ್ಲೇಟಿನಲ್ಲಿ ಬರೆಯುತ್ತಾರೆ. ನಾನು ಪಕ್ಕದಲ್ಲಿ ನಿಂತು ಅದನ್ನು ಓದಿ ಹೇಳುತ್ತೇನೆ.

ಸಂಜೆಯ ಫೋನ್ ಈಗಲೂ ಬರುತ್ತದೆ. ಎತ್ತಿದರೆ ಇವರ ಕುತ್ತಿಗೆಯ ತೂತಿನಿಂದ ಗಾಳಿ ಆಡುವ ಸದ್ದು ಮಾತ್ರ. ನಾನು ಒಂದು ಕಿವಿ ಮುಚ್ಚಿಕೊಂಡು ಉತ್ತರ ಹೇಳುತ್ತೇನೆ, "ಅಂಧೇರಿ ದಾಟೀನ್ರಿ. ಚಾಕ್ಕ ನೀರ ಇಡ್ರಿ." ಇವರು ಬೆರಳಿನಿಂದ ಫೋನಿನ ಮೇಲೆ ಎರಡು ಸಲ ಬಡಿದು ಇಡುತ್ತಾರೆ.