ಇಳಿಜಾರಿಗೆ ತಕ್ಕ ಪೆಟ್ಟಿಗೆ

ಪೂರ್ತಿ ಬೆಳಕು ಹರಿದಿಲ್ಲ. ಹಳೆಯ ವಾಹನಗಳ ಗುಜರಿ ಅಂಗಳದ ತುದಿಯಲ್ಲಿ ಒಂದು ತಗಡಿನ ಶೆಡ್ಡು. ಅದರ ತೊಲೆಗೆ ಕಟ್ಟಿದ ಸರಪಳಿಯಿಂದ ಬೂದುಬಣ್ಣದ ಲೋಹದ ಪೆಟ್ಟಿಗೆಯೊಂದು ಸೊಂಟದೆತ್ತರಕ್ಕೆ ತೂಗುತ್ತಿದೆ. ಗಂಡನ ಹಳೇ ಅಂಗಿ ತೊಟ್ಟು ತೋಳು ಮಡಚಿಕೊಂಡ ಹೆಂಗಸೊಬ್ಬರು ಅದರ ಹಿಂದೆ ನಿಂತು, ಹೊರಚಾಚಿದ ಶಾಫ್ಟನ್ನು ಕೈಯಲ್ಲೇ ತಿರುಗಿಸುತ್ತಿದ್ದಾರೆ. ಶಾಫ್ಟಿನ ಮೇಲೆ ಸೀಮೆಸುಣ್ಣದ ಗುರುತು. ತುಟಿಯಲ್ಲೇ ಎಣಿಕೆ.

"ಚಹಾ ಆರಿಹೋಗ್ತಿದೆ ಕಣೇ," ಎನ್ನುತ್ತಾರೆ ಲೋಟ ಹಿಡಿದು ಬಾಗಿಲಲ್ಲಿ ನಿಂತ ಗಂಡ.

"ಅಯ್ಯೋ, ತಪ್ಪಿಸಿಬಿಟ್ರಲ್ಲ! ಎಣಿಸೋವಾಗ ಮಾತಾಡಿಸಬೇಡಿ ಅಂತ ಎಷ್ಟು ಸಲ ಹೇಳೋದು?"

"ಮೂವತ್ತೊಂದು ವರ್ಷದಿಂದ ಎಣಿಸ್ತಾನೇ ಇದ್ದೀಯ. ಮತ್ತೆ ನಾನು ಮಾತಾಡೋದು ಯಾವಾಗ?"

ಆಕೆ ನಗುತ್ತಾರೆ. ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದು, ಮತ್ತೆ ಒಂದರಿಂದ ಶುರುಮಾಡುತ್ತಾರೆ.

ಅಂಗಳದಲ್ಲಿ ಅವರಿಗೆ ಪೆಟ್ಟಿಗೆಯಕ್ಕ ಎಂದೇ ಹೆಸರು. ನಾಲ್ಕೂ ಚಕ್ರ ಎಳೆಯುವ ಹಳೆಯ ಟ್ರಕ್ಕುಗಳ ಹೊಟ್ಟೆಯಡಿ, ಗೇರ್‌ಬಾಕ್ಸಿನ ಬೆನ್ನಿಗೆ ಅಂಟಿಕೊಂಡು ಇನ್ನೊಂದು ಪೆಟ್ಟಿಗೆ ಇರುತ್ತದೆ. ಅದು ಟ್ರಾನ್ಸ್‌ಫರ್ ಕೇಸ್. ಎಂಜಿನ್ನಿನ ಬಲವನ್ನು ಮುಂದಿನ ಚಕ್ರಗಳಿಗೂ ಹಿಂದಿನವಕ್ಕೂ ಹಂಚುವುದು ಅದರ ಕೆಲಸ. ಕಡಿದಾದ ಜಾಗಗಳಿಗೆಂದು ಅದರೊಳಗೆ ಲೋ ಗೇರ್ ಕೂಡ ಇರುತ್ತದೆ. ಅದಕ್ಕೆ ಹಾಕಿದರೆ ಟ್ರಕ್ಕು ಬ್ರೇಕನ್ನು ಅಷ್ಟಾಗಿ ನಂಬಿಕೊಳ್ಳದೆ ಮೆಲ್ಲಗೆ ಇಳಿಯುತ್ತದೆ. "ಇಬ್ಬರು ಮಕ್ಕಳಿಗೆ ಒಂದೇ ಪಾತ್ರೆಯಿಂದ ಬಡಿಸೋ ತಾಯಿ ಇದ್ದ ಹಾಗೆ," ಎನ್ನುತ್ತಾರೆ ಅಕ್ಕ. "ಬಡಿಸೋವಷ್ಟು ದಿನ ಯಾರ ಕಣ್ಣಿಗೂ ಬೀಳಲ್ಲ."

ಈ ಹಳೆಯ ಟ್ರಕ್ಕುಗಳಿಗೆ ಹೊಸ ಪೆಟ್ಟಿಗೆ ಸಿಗುವುದಿಲ್ಲ. ಗುಜರಿಯಲ್ಲಿ ಬಿದ್ದವುಗಳಲ್ಲೇ ಹೊಂದುವುದನ್ನು ಆರಿಸಬೇಕು. ಶೆಡ್ಡಿನ ಗೋಡೆಯುದ್ದಕ್ಕೂ ಅಂಥ ನಲವತ್ತಮೂರು ಪೆಟ್ಟಿಗೆಗಳಿವೆ. ಒಂದರಂತೆ ಇನ್ನೊಂದಿಲ್ಲ. ಹೊರಗಿನ ಬೋರ್ಡಿನಲ್ಲಿರುವುದು ಫಿಟ್ಟರ್ ಆಗಿರುವ ಗಂಡನ ಹೆಸರು. ಗಿರಾಕಿಗಳು ಕೇಳಿಕೊಂಡು ಬರುವುದೂ ಫಿಟ್ಟರನ್ನೇ. ಅವರು "ಒಂದ್ನಿಮಿಷ" ಎಂದು ಒಳಗೆ ಹೋಗುತ್ತಾರೆ. ಆ ಒಂದು ನಿಮಿಷದಲ್ಲಿ ಏನಾಗುತ್ತದೆಂದು ಗಿರಾಕಿಗಳಿಗೆ ಗೊತ್ತಿಲ್ಲ.

ಮದುವೆಯಾದ ಹೊಸತರಲ್ಲಿ ಗಂಡನಿಗೆ ಊಟ ತಂದವರು ಅವರು. ಫಿಟ್ಟರ್ ಟ್ರಕ್ಕಿನಡಿಯಿಂದ ಹೊರಬರುವಷ್ಟರಲ್ಲಿ ಊಟ ತಣ್ಣಗಾಗಿತ್ತು, ಪಕ್ಕದ ಬುಟ್ಟಿಯಲ್ಲಿದ್ದ ಕೊಳಕು ಗೇರುಗಳೆಲ್ಲ ಫಳಫಳ ಹೊಳೆಯುತ್ತಿದ್ದವು. "ಕೊಳೆ ನೋಡ್ಕೊಂಡು ಸುಮ್ನೆ ಕೂರೋಕಾಗ್ಲಿಲ್ಲ. ತೊಳೀತಾ ತೊಳೀತಾ ಹಲ್ಲು ಎಣಿಸ್ದೆ. ಅಷ್ಟೇ, ಸಿಕ್ಕಿಹಾಕ್ಕೊಂಡೆ." ಅಂದಿನಿಂದ ಸಾವಿರದ ಇನ್ನೂರು ಪೆಟ್ಟಿಗೆಗಳಾದರೂ ಅವರ ಕೈ ದಾಟಿವೆ. ತೊಳೆಯಲು ದಿನಕ್ಕೆ ನಾಲ್ಕು ಲೀಟರ್ ಸೀಮೆಎಣ್ಣೆ ಬೇಕು. ಬೆರಳ ಸಂದುಗಳು ಬಿರಿದಿವೆ. ಎಡಗೈಯ ಕಿರುಬೆರಳು ಒಮ್ಮೆ ಪೆಟ್ಟಿಗೆಯಡಿ ಸಿಕ್ಕಿದ್ದು ಹಾಗೇ ಸೊಟ್ಟಗೆ ಉಳಿದಿದೆ. ಮಗಳು ಚಿಕ್ಕವಳಿದ್ದಾಗ ಅಮ್ಮನ ಕೈಯ ವಾಸನೆಗೆ ಮುಖ ತಿರುಗಿಸುತ್ತಿದ್ದಳು. ಈಗ ಬೇರೆ ಊರಲ್ಲಿದ್ದಾಳೆ. ಬಂದಾಗಲೆಲ್ಲ ಅದೇ ಕೈಯನ್ನು ಹಿಡಿದುಕೊಂಡು ಮಲಗುತ್ತಾಳಂತೆ.

ಪೆಟ್ಟಿಗೆಯನ್ನು ತೂಗುಹಾಕಿಯೇ ನೋಡುವ ಪದ್ಧತಿ ಒಂದು ತಪ್ಪಿನಿಂದ ಬಂದದ್ದು. ಒಂಬತ್ತು ವರ್ಷಗಳ ಹಿಂದೆ ನೆಲದ ಮೇಲೆ ಅಡಿಮೇಲಾಗಿ ಬಿದ್ದಿದ್ದ ಪೆಟ್ಟಿಗೆಯೊಂದನ್ನು ಅಕ್ಕ ಆರಿಸಿಕೊಟ್ಟರು. ಹಲ್ಲು ಸರಿ, ಬೋಲ್ಟಿನ ತೂತು ಸರಿ. ಫಿಟ್ಟರ್ ಇಡೀ ದಿನ ಅಂಗಾತ ಮಲಗಿ ಅದನ್ನು ಕೂರಿಸಿದರು. ಮುಂದಿನ ಚಕ್ರಗಳಿಗೆ ಹೋಗುವ ಶಾಫ್ಟ್ ಜೋಡಿಸಹೊರಟರೆ, ಆಕ್ಸಲಿನ ಮೂತಿ ಬಲಕ್ಕಿದೆ, ಪೆಟ್ಟಿಗೆಯ ಬಾಯಿ ಎಡಕ್ಕಿದೆ.

"ತಲೆಕೆಳಗಾಗಿದ್ದನ್ನ ನೋಡಿ ಎಡ-ಬಲ ಅದಲುಬದಲು ಮಾಡ್ಕೊಂಡಿದ್ದೆ," ಎನ್ನುತ್ತಾರೆ ಅಕ್ಕ. "ಇವರು ಒಂದು ಮಾತೂ ಬೈಯ್ಲಿಲ್ಲ. ಅದೇ ಕಷ್ಟ ಆಗಿದ್ದು. ಸುಮ್ನೆ ಹೋಗಿ ಮತ್ತೆ ಟ್ರಕ್ಕಿನಡಿ ಮಲಗಿದ್ರು, ಬಿಚ್ಚೋಕೆ."

ಅಂದಿನಿಂದ ಪೆಟ್ಟಿಗೆ ಟ್ರಕ್ಕಿನಲ್ಲಿ ಹೇಗೆ ಕೂರುತ್ತದೋ ಹಾಗೆಯೇ ತೂಗಬೇಕು. ಅದರ ಹಿಂದೆ ನಿಂತು, ಚಾಲಕ ನೋಡುವ ದಿಕ್ಕಿಗೇ ಮುಖಮಾಡಿ ನೋಡಬೇಕು.

ಈ ಬೆಳಿಗ್ಗೆ ತೂಗುತ್ತಿರುವ ಪೆಟ್ಟಿಗೆಗೆ ಕಾಯುತ್ತಿರುವುದು ಇಪ್ಪತ್ತಾರು ವರ್ಷದ ಒಂದು ಟ್ರಕ್ಕು. ನಿನ್ನೆ ಸಂಜೆ ಅದನ್ನು ಕಟ್ಟಿ ಎಳೆದು ತಂದರು. ಬೆಟ್ಟದ ಮೇಲಿನ ಮನೆಗಳಿಂದ ಕಾಯಿಲೆಯವರನ್ನೂ ಬಸುರಿಯರನ್ನೂ ಆಸ್ಪತ್ರೆಗೆ ಇಳಿಸುವ ವಾಹನ ಅದೊಂದೇ. ಕಲ್ಲು ಬಡಿದು ಟ್ರಾನ್ಸ್‌ಫರ್ ಕೇಸ್ ಸೀಳಿದೆ. ಮೇಲೆ ಒಬ್ಬಾಕೆಗೆ ದಿನ ತುಂಬುತ್ತಿದೆ, ಇನ್ನೊಂದು ವಾರವಷ್ಟೆ ಎಂದು ಅಲ್ಲಿನ ನರ್ಸ್ ಹೇಳಿ ಕಳಿಸಿದ್ದಾರೆ. ಡ್ರೈವರ್ ರಾತ್ರಿಯೆಲ್ಲ ಕಣ್ಣು ಮುಚ್ಚಿದಂತಿಲ್ಲ.

ಹೊಂದುವ ಪೆಟ್ಟಿಗೆಗಳು ಎರಡಿವೆ. ಒಂದು ಎರಕದ ಕಬ್ಬಿಣದ್ದು, ಅರವತ್ತು ಕಿಲೋ ದಾಟುತ್ತದೆ, ಒಳಗೆಲ್ಲ ಗೇರುಗಳೇ. ಇನ್ನೊಂದು, ಈಗ ತೂಗುತ್ತಿರುವುದು, ಅಲ್ಯೂಮಿನಿಯಮ್ಮಿನದು, ಅದರ ಅರ್ಧ ತೂಕ, ಒಳಗೊಂದು ಚೈನು.

"ಕಬ್ಬಿಣದ್ದೇ ಹಾಕ್ಬಿಡಿ ಅಕ್ಕ," ಎನ್ನುತ್ತಾನೆ ಡ್ರೈವರ್. "ಇದ್ದಿದ್ದೂ ಅದೇ. ಇದೇನು, ಸೈಕಲ್ ಥರ ಚೈನು!"

ಫಿಟ್ಟರೂ ಅವನ ಕಡೆಯೇ. "ಅದಾದ್ರೆ ಮಧ್ಯಾಹ್ನದೊಳಗೆ ಕೂತ್ಕೊಳ್ಳುತ್ತೆ ಕಣೇ. ಇದು ನಾಲ್ಕು ಬೆರಳು ಗಿಡ್ಡ. ಹಿಂದಿನ ಶಾಫ್ಟ್ ಲೇತಿಗೆ ಕೊಟ್ಟು ಉದ್ದ ಮಾಡಿಸ್ಬೇಕು."

ಅಕ್ಕ ಡ್ರೈವರಿನ ಕಡೆ ತಿರುಗುತ್ತಾರೆ. "ಇಳಿಯೋವಾಗ ಹೇಗಿರ್ತಿತ್ತು ತಮ್ಮ?" ಎಂದು ಕೇಳುತ್ತಾರೆ.

"ಲೋ ಗೇರಲ್ಲೂ ತಳ್ಕೊಂಡು ಹೋಗೋದು ಅಕ್ಕ. ಬ್ರೇಕ್ ಒತ್ತಿ ಒತ್ತಿ ಕಾದು ವಾಸನೆ ಬರೋದು. ನರ್ಸಮ್ಮ ಕಿಟಕಿ ಮುಚ್ಚಿಬಿಡೋರು, ಮಲಗಿರೋರಿಗೆ ಗೊತ್ತಾಗ್ದೆ ಇರ್ಲಿ ಅಂತ."

"ಮರದ ದಿಮ್ಮಿ ಗಿಮ್ಮಿ ಹೊರ್ತೀಯಾ?"

"ಎಲ್ಲಿಯ ದಿಮ್ಮಿ! ಒಬ್ಬರು ಮಲಗಿರ್ತಾರೆ, ನರ್ಸಮ್ಮ, ಮನೆಯವರೊಬ್ಬರು."

"ಮತ್ತೆ ಅಷ್ಟು ಗಟ್ಟಿ ಕಬ್ಬಿಣ ಯಾಕೋ ನಿನಗೆ? ನಿನಗೆ ಬೇಕಾಗಿರೋದು ನಿಧಾನ."

ಅವರು ಸೀಮೆಸುಣ್ಣದ ಗುರುತು ತೋರಿಸುತ್ತಾರೆ. ಕಬ್ಬಿಣದ ಪೆಟ್ಟಿಗೆಯನ್ನು ಲೋ ಗೇರಿಗೆ ಹಾಕಿ ಎಂಜಿನ್ ಕಡೆಯ ಶಾಫ್ಟನ್ನು ಎರಡು ಸುತ್ತು ತಿರುಗಿಸಿದರೆ ಚಕ್ರದ ಕಡೆಯದು ಒಂದು ಸುತ್ತು ಬರುತ್ತದೆ. ಅಲ್ಯೂಮಿನಿಯಮ್ಮಿನದರಲ್ಲಿ ಅದೇ ಒಂದು ಸುತ್ತಿಗೆ ಹತ್ತಿರ ಹತ್ತಿರ ಎರಡೂಮುಕ್ಕಾಲು ಬೇಕು. ಅಷ್ಟು ನಿಧಾನ. ಆಮೇಲೆ ಮುಚ್ಚಳ ಬಿಚ್ಚಿ, ಚೈನನ್ನು ಆ ಸೊಟ್ಟ ಕಿರುಬೆರಳಿಂದ ಒತ್ತಿ ಸಡಿಲ ನೋಡುತ್ತಾರೆ. ಡ್ರೈವರಿನ ಕೈ ಹಿಡಿದು ಅವನಿಂದಲೂ ಒತ್ತಿಸುತ್ತಾರೆ. ಚೈನು ಬಿಗಿಯಾಗಿದೆ.

"ಬಾ, ಬಾ," ಎಂದು ಫಿಟ್ಟರ್ ಡ್ರೈವರಿನ ಹೆಗಲು ತಟ್ಟುತ್ತಾರೆ. "ಇವಳು ಆರಿಸಿದ್ಮೇಲೆ ಮುಗೀತು. ನನ್ನನ್ನೂ ಹೀಗೇ ಆರಿಸಿದ್ದು."

"ಆಗ ತೂಗುಹಾಕಿ ನೋಡಿರ್ಲಿಲ್ಲ," ಎನ್ನುತ್ತಾರೆ ಅಕ್ಕ.

ಎದುರಿನ ಲೇತಿನವನು ಇದ್ದ ಕೆಲಸ ಬದಿಗಿಟ್ಟು ಶಾಫ್ಟ್ ಹಿಡಿಯುತ್ತಾನೆ. ಫಿಟ್ಟರ್ ಟ್ರಕ್ಕಿನಡಿ ಸೇರುತ್ತಾರೆ. ಈ ಪೆಟ್ಟಿಗೆಗೆ ಹಾಕಬೇಕಾದ್ದು ತೆಳ್ಳನೆಯ ಕೆಂಪು ಎಣ್ಣೆ. ಗೇರ್‌ಬಾಕ್ಸಿನ ಮಂದ ಎಣ್ಣೆ ಹಾಕಿದರೆ ಕೆಟ್ಟಿತು. ಮುಂದೆ ಯಾರೂ ಮರೆಯದಿರಲೆಂದು ಅಕ್ಕ ಅದನ್ನು ಪೆಟ್ಟಿಗೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆಯುತ್ತಾರೆ. ಎಲ್ಲ ಮುಗಿಯುವಾಗ ನಾಲ್ಕು ಗಂಟೆ.

ಅಂಗಳದ ಹಿಂದೆ ಮಣ್ಣಿನ ಇಳಿಜಾರಿದೆ. ಅಕ್ಕನ ಪರೀಕ್ಷೆ ಅಲ್ಲೇ. ಟ್ರಕ್ಕನ್ನು ಲೋ ಗೇರಿಗೆ ಹಾಕಿಸಿ, ಡ್ರೈವರಿನ ಕಾಲನ್ನು ಬ್ರೇಕಿನಿಂದ ತೆಗೆಸಿ, ತಾವು ಅದರ ಮುಂದೆ, ಅದಕ್ಕೆ ಬೆನ್ನು ಹಾಕಿ ನಡೆಯುತ್ತಾರೆ.

"ಎಷ್ಟು ಸಲ ಹೇಳಿದ್ದೀನಿ ಹೀಗೆ ಮಾಡ್ಬೇಡ ಅಂತ," ಎಂದು ಗೊಣಗುತ್ತ ಫಿಟ್ಟರ್ ಚಕ್ರದ ಪಕ್ಕದಲ್ಲೇ ಹೆಜ್ಜೆ ಹಾಕುತ್ತಾರೆ. ಕೈಯಲ್ಲಿ ಮರದ ಅಡೆ, ಚಕ್ರ ಜಾರಿದರೆ ಒಡ್ಡಲು.

"ನೀವಿದ್ದೀರಲ್ಲ," ಎನ್ನುತ್ತಾರೆ ಅಕ್ಕ, ತಿರುಗಿ ನೋಡದೆ.

ಸ್ಟಿಯರಿಂಗ್ ಹಿಡಿದ ಡ್ರೈವರಿನ ಮುಖ ಬಿಳಿಚಿಕೊಂಡಿದೆ. ಅಕ್ಕ ಎಂದಿನ ನಡಿಗೆಯಲ್ಲೇ ನಡೆಯುತ್ತಾರೆ, ಅಂಗಡಿಗೆ ಹೊರಟವರ ಹಾಗೆ. ಮೂರು ಮಾರು ಹಿಂದೆ ಟ್ರಕ್ಕು ಗುರುಗುಟ್ಟುತ್ತ ಬರುತ್ತದೆ. ಇಳಿಜಾರು ಕಡಿದಾದಲ್ಲಿಯೂ ಮೂರೇ ಮಾರು. ಕೆಳಗೆ ಮುಟ್ಟಿ ಎಂಜಿನ್ ಆರಿಸಿದ ಮೇಲೂ ಡ್ರೈವರ್ ತುಸು ಹೊತ್ತು ಇಳಿಯುವುದಿಲ್ಲ. ಇಳಿದವನು ತನ್ನ ಬಲಗಾಲನ್ನೇ ನೋಡಿಕೊಳ್ಳುತ್ತಾನೆ, ಅದಕ್ಕೆ ಕೆಲಸವೇ ಇರಲಿಲ್ಲವಲ್ಲ ಎಂಬಂತೆ.

ಕತ್ತಲಾಗುವ ಮೊದಲೇ ಅವನು ಬೆಟ್ಟದ ಕಡೆ ಹೊರಟುಹೋಗುತ್ತಾನೆ.

ಆಮೇಲಿನ ದಿನಗಳಲ್ಲಿ ಅಕ್ಕ ಫೋನನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಗೇರು ತೊಳೆಯುತ್ತಾರೆ. ಎಣಿಕೆ ಎರಡು ಸಲ ತಪ್ಪುತ್ತದೆ, ಯಾರೂ ಮಾತಾಡಿಸದೆಯೇ. ಐದನೆಯ ದಿನ ಡ್ರೈವರಿನ ಫೋನು ಬರುತ್ತದೆ. ಒದ್ದೆ ಕೈಯಲ್ಲೇ ಎತ್ತುತ್ತಾರೆ.

"ಅಕ್ಕಾ, ಮೊನ್ನೆ ಇಳಿಸಿದ್ವಿ. ನೋವು ಶುರುವಾಗೋಕೆ ಮುಂಚೇನೇ ನರ್ಸಮ್ಮ ಹೊರಡಿಸಿದ್ರು. ಇವತ್ತು ಬೆಳಿಗ್ಗೆ ಹೆರಿಗೆ ಆಯ್ತು. ಹೆಣ್ಣು. ಇಬ್ಬರೂ ಚೆನ್ನಾಗಿದ್ದಾರೆ."

"ಇಳಿಯೋವಾಗ?"

"ಅದನ್ನೇ ಹೇಳೋಕೆ ಫೋನ್ ಮಾಡ್ದೆ. ಆ ಕಡಿದಾದ ತಿರುವು ಇದೆಯಲ್ಲ, ಅಲ್ಲಿ ತಿರುಗಿ ನೋಡಿದ್ರೆ ಆಕೆ ನಿದ್ದೆ ಹೋಗಿದ್ಲು."

ಫೋನು ಇಟ್ಟ ಮೇಲೆ ಅಕ್ಕ ಟ್ರಕ್ಕೊಂದರ ಪಕ್ಕ ಹೋಗಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಅಡಿಯಿಂದ ಕಾಣುತ್ತಿರುವುದು ಗಂಡನ ಕಾಲು ಮಾತ್ರ.

"ರೀ, ಕೇಳಿಸ್ತಾ? ನಾವು ಕೂರಿಸಿದ ಪೆಟ್ಟಿಗೆ ಮೇಲೆ, ಆ ಇಳಿಜಾರಲ್ಲಿ, ಒಬ್ಬಳು ತುಂಬಿದ ಬಸುರಿ ನಿದ್ದೆ ಮಾಡಿದ್ಲಂತೆ."