ಮಾವನವರ ತಪಾಸಣೆಗೆ ಬಿದ್ದ ಜಪಾನಿ ಬಟ್ಟಲು

ಮಾಚಾ ಎಂಬ ಹಸಿರು ಚಹಾವನ್ನು ನಾನು ಮೊದಲು ಕುಡಿದದ್ದು ಪುಣೆಯ ಒಂದು ಕೆಫೆಯಲ್ಲಿ, ಆಫೀಸಿನ ಗೆಳತಿಯ ಹುಟ್ಟುಹಬ್ಬಕ್ಕೆ. ರುಚಿ ಅಷ್ಟೇನೂ ಹಿಡಿಸಲಿಲ್ಲ. ಆದರೆ ಅಲ್ಲಿನ ಹುಡುಗಿ ಬಿದಿರಿನ ಪುಟ್ಟ ಕಡಗೋಲು ಹಿಡಿದು ಹಸಿರು ಪುಡಿಯನ್ನು ಬಿಸಿನೀರಿನಲ್ಲಿ ನೊರೆ ಬರುವಂತೆ ಕಡೆಯುತ್ತಿದ್ದಳಲ್ಲ, ಅದರ ಮೇಲೆ ಮನಸ್ಸಾಯಿತು. ಮನೆಗೆ ಬರುವ ಬಸ್ಸಿನಲ್ಲೇ ಮೊಬೈಲಿನಲ್ಲಿ ಹುಡುಕಿ ಒಂದು ಸೆಟ್ಟು ಆರ್ಡರ್ ಮಾಡಿಬಿಟ್ಟೆ: ಬಟ್ಟಲು, ಕಡಗೋಲು, ಬಿದಿರಿನ ಚಮಚ, ಪುಡಿಯ ಡಬ್ಬಿ. ‘ಜಪಾನಿನ ಕುಂಬಾರರು ಕೈಯಾರೆ ಮಾಡಿದ್ದು, ತಳದಲ್ಲಿ ಗುರುವಿನ ಮುದ್ರೆ ಇದೆ’ ಎಂದು ಬರೆದಿದ್ದರು. ನಾನು ನಂಬಿದೆ.

ನಮ್ಮ ಮಾವನವರು ಹಾಗೆಲ್ಲ ನಂಬುವವರಲ್ಲ. ಧಾರವಾಡದಿಂದ ಬಂದು ಇಲ್ಲೇ ಪುಣೆಯ ಖಡಕಿಯ ಕಾರ್ಖಾನೆಯಲ್ಲಿ ನಿವೃತ್ತಿಯವರೆಗೂ ಮಾಲು ತಪಾಸಣೆ ಮಾಡಿದವರು. ಮನೆಯಲ್ಲೂ ಕುಕ್ಕರಿನ ರಬ್ಬರಿನಿಂದ ಹಿಡಿದು ಹಾಲಿನ ಪಾಕೀಟಿನವರೆಗೆ ಎಲ್ಲವೂ ಅವರ ಕಣ್ಣ ಕೆಳಗೆ ಹಾದೇ ಬರಬೇಕು. ಆ ಮಳೆಗಾಲದಲ್ಲಿ ಮೊಣಕಾಲಿನ ಆಪರೇಶನ್ ಆಗಿ ಕುರ್ಚಿ ಹಿಡಿದಿದ್ದರು. ಮೆಟ್ಟಿಲು ಹತ್ತಿ ಅಭ್ಯಾಸ ಮಾಡಿರೆಂದು ಡಾಕ್ಟರು ಹೇಳಿದ್ದರೂ ದಿನಕ್ಕೊಂದು ನೆಪ. ಮಾತೂ ಕಡಿಮೆಯಾಗಿತ್ತು.

ಪಾರ್ಸೆಲ್ಲು ಬಿಚ್ಚಿದ್ದೇ ತಡ, ಅವರು ಭೂತಗನ್ನಡಿ ತರಿಸಿಕೊಂಡರು. ಬಟ್ಟಲನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ಮೇಜಿನ ಮೇಲಿಟ್ಟು ಅಲುಗಾಡುತ್ತದೆಯೇ ನೋಡಿದರು. ಆಮೇಲೆ ಹೊರಮೈ ಸವರುತ್ತ ಒಂದು ಕಡೆ ಬೆರಳು ನಿಲ್ಲಿಸಿದರು.

“ಇಲ್ಲೆ ಕೈ ಹಚ್ಚಿ ನೋಡವಾ. ಗೆರಿ ಹತ್ತತದ? ಈ ಕಡೆನೂ ಒಂದು ಅದ, ಸರಿ ಎದುರಿಗೆ. ಇದು ಎರಡು ಅಚ್ಚು ಕೂಡಿಸಿ ತಗದದ್ದು. ಕೈಲೇ ಮಾಡಿದ್ದಲ್ಲ.”

ನನಗೆ ಮುಖಭಂಗವಾಯಿತು. “ಬಿಡ್ರಿ ಮಾವಾರ, ಎಲ್ಲಾರೂ ಐದೈದು ಸ್ಟಾರ್ ಕೊಟ್ಟಾರ” ಎಂದೆ.

“ಕೊಟ್ಟವರು ಬಟ್ಟಲಾ ಬೋರಲ ಹಾಕಿ ನೋಡ್ಯಾರೇನು?”

ಬೋರಲು ಹಾಕಿದಾಗ ಗುರುವಿನ ಮುದ್ರೆ ಕಂಡಿತು. ಕೆಂಪು ಚೌಕದೊಳಗೊಂದು ಅಕ್ಷರ. ಓದಿಸಬೇಕೆಂದರೆ ಮೇಲಿನ ಮಹಡಿಯಲ್ಲಿ ಜಪಾನಿ ಭಾಷೆ ಕಲಿಸುವ ಮರಾಠಿ ಹೆಂಗಸೊಬ್ಬರಿದ್ದರು; ಕಟ್ಟಡದವರಿಗೆಲ್ಲ ಅವರು ‘ಬಾಯಿ’. ನಾನು ಫೋಟೋ ಕಳಿಸುತ್ತೇನೆಂದೆ. ಮಾವನವರು ಒಪ್ಪಲಿಲ್ಲ. “ಮಾಲು ಕೈಯಾಗ ಹಿಡದು ನೋಡಬೇಕು, ಫೋಟೋದಾಗಲ್ಲ” ಎಂದು ಕೋಲು ಹಿಡಿದು ಎದ್ದೇಬಿಟ್ಟರು. ನಮ್ಮ ಕಟ್ಟಡಕ್ಕೆ ಲಿಫ್ಟಿಲ್ಲ. ನಾನು ಸೆಟ್ಟಿನ ಡಬ್ಬಿಯನ್ನು ಎದೆಗವಚಿಕೊಂಡು ಹಿಂದೆ ಹಿಂದೆ ಹತ್ತಿದೆ. ಅವರು ಬಿದ್ದರೆ ಅವರನ್ನು ಹಿಡಿಯಲೋ ಬಟ್ಟಲನ್ನೋ ಎಂಬ ಚಿಂತೆ ನನಗೆ. ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಂಡು, ಮೇಲೆ ತಲುಪಿ ಅವರೇ ಬೆಲ್ ಒತ್ತಿದರು.

ಬಾಯಿಯವರು ತಳ ನೋಡಿ ಜೋರಾಗಿ ನಕ್ಕರು. “ಕಾಕಾ, ಇಥೆ ಫಕ್ತ ‘ಚಹಾ’ ಲಿಹಿಲಂಯ!” ಅಲ್ಲಿದ್ದದ್ದು ಬರೀ ‘ಚಹಾ’ ಎಂಬ ಅಕ್ಷರ.

ಮಾವನವರು ನನ್ನ ಕಡೆ ತಿರುಗಿದರು. “ನಿಮ್ಮ ಗುರುವಿನ ಹೆಸರು ಚಹಾ ಅಂತೇನು?”

ನನಗೂ ನಗು ತಡೆಯಲಾಗಲಿಲ್ಲ. ಕಡಗೋಲನ್ನು ಮಾತ್ರ ಬಾಯಿಯವರು ಮೆಚ್ಚಿಕೊಂಡರು. ಒಂದೇ ಬಿದಿರಿನ ತುಂಡನ್ನು ಎಳೆ ಎಳೆಯಾಗಿ ಸೀಳಿದ್ದಂತೆ, ಎಲ್ಲೂ ಅಂಟು ಹಾಕಿಲ್ಲವಂತೆ. ಆದರೆ ಡಬ್ಬಿಯ ಪುಡಿ ಹಳೆಯದಾಗಿ ಹಳದಿಗೆ ತಿರುಗಿತ್ತು. ಅದನ್ನು ಬದಿಗಿಟ್ಟು ತಮ್ಮಲ್ಲಿದ್ದ ಪುಡಿ ತೆಗೆದರು. ಅದು ಎಳೆ ಗರಿಕೆಯ ಬಣ್ಣ. ಕಡಗೋಲನ್ನು ಬಿಸಿನೀರಿನಲ್ಲಿ ನೆನೆಸಿ, ನಮ್ಮ ಬಟ್ಟಲಲ್ಲೇ ಕಡೆದುಕೊಟ್ಟರು. ಮಾವನವರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು.

“ಭಾಳ ಕಹಿ ಅದ” ಎಂದರು. ತುಟಿ ಒರೆಸಿಕೊಂಡು, “ಆದ್ರ ಖೋಟಾ ಅಲ್ಲ” ಎಂದು ಉಳಿದದ್ದನ್ನೂ ಕುಡಿದರು.

ಮಾರಿದವರಿಗೆ ಅವರೇ ನನ್ನಿಂದ ಪತ್ರ ಬರೆಯಿಸಿದರು. ಎರಡು ದಿನದಲ್ಲಿ ಅಂಗಡಿ ನಡೆಸುವ ಹೆಣ್ಣುಮಗಳ ಫೋನ್ ಬಂತು. ಮಾವನವರು ಹಿಂದಿಯಲ್ಲಿ, ಕಾರ್ಖಾನೆಯ ಗತ್ತಿನಲ್ಲಿ, ಒಂದೊಂದೇ ಪ್ರಶ್ನೆ ಕೇಳಿದರು. ಕೊನೆಗೆ ಆಕೆ ಒಪ್ಪಿಕೊಂಡಳು: ಬಟ್ಟಲು ಉತ್ತರ ಪ್ರದೇಶದ ಖುರ್ಜಾ ಎಂಬ ಕುಂಬಾರಿಕೆಯ ಊರಿನದ್ದು, ಕಡಗೋಲು ಚೀನಾದ್ದು, ಜಪಾನಿನಿಂದ ಬಂದದ್ದು ಆಕಾರದ ಮಾದರಿಯಷ್ಟೇ. ಬೇಡವಾದರೆ ವಾಪಸು ಒಯ್ಯುತ್ತೇನೆಂದಳು.

ನಾನು ಹೂಂ ಎನ್ನುವಷ್ಟರಲ್ಲಿ ಮಾವನವರು ಬೇಡವೆಂದು ಕೈಯಾಡಿಸಿದರು. ಬಟ್ಟಲು ಗಟ್ಟಿಯಾಗಿದೆ, ಬಣ್ಣ ಎಲ್ಲ ಕಡೆ ಸಮನಾಗಿ ಕೂತಿದೆ, ಇಷ್ಟು ಚೆನ್ನಾಗಿ ಮಾಡಿದವರ ಊರಿನ ಹೆಸರು ಹಾಕಲು ನಾಚಿಕೆ ಏಕೆ ಎಂದು ಕೇಳಿದರು. ಆಕೆ ಸಣ್ಣ ದನಿಯಲ್ಲಿ “ಸಾರಿ ಅಂಕಲ್” ಎಂದಳು. ಮುಂದಿನ ವಾರ ಮೊಬೈಲಿನ ಅದೇ ಮಾರಾಟದ ಪುಟದಲ್ಲಿ ‘ಖುರ್ಜಾದ ಬಟ್ಟಲು’ ಎಂದು ಬಂದಿತ್ತು. ಮಾವನವರು ಅದನ್ನು ನನ್ನಿಂದ ಮೂರು ಸಲ ಓದಿಸಿದರು.

ಈಗ ಭಾನುವಾರ ಮುಂಜಾನೆ ಮಾಚಾ ಕಡೆಯುವ ಕೆಲಸ ಅವರದೇ. ಪುಡಿ ಮುಗಿದರೆ ತಾವೇ ಮೆಟ್ಟಿಲು ಹತ್ತಿ ಬಾಯಿಯವರಿಂದ ತರುತ್ತಾರೆ. ಅತ್ತೆ ಅಡುಗೆಮನೆಯಿಂದ ಇಣುಕಿ, “ಮೆಹಂದಿ ಕಲಸೋದು ಮುಗೀತೇನ್ರಿ?” ಎನ್ನುತ್ತಾರೆ. ಅತ್ತೆಯ ಪಾಲು ಬೇರೆ ಲೋಟಕ್ಕೆ ಹೋಗುತ್ತದೆ. ಅದಕ್ಕೆ ಎರಡು ಚಮಚ ಸಕ್ಕರೆ, ಅರ್ಧ ಲೋಟ ಹಾಲು ಬೀಳುವಾಗ ಮಾವನವರು ಕಿಟಕಿಯ ಹೊರಗೆ ನೋಡುತ್ತಾರೆ.