ಒರೆಸಿದಾಗ ಅಳಿಸಿಹೋದ ನೀಹಾರಿಕೆ

ಮುಂಬಯಿ ಬಳಿಯ ಡೊಂಬಿವಲಿಯ ಬಣ್ಣದ ಕಾರ್ಖಾನೆಯೊಂದರಲ್ಲಿ ಹಾಜರಿ ಬರೆಯುತ್ತಿದ್ದ ಬಿಜಾಪುರದ ಬಸಲಿಂಗಪ್ಪನವರು ೧೯೮೩ರಲ್ಲಿ ಆಕಾಶದ ಮೇಲೆ ದಂಡೆತ್ತಿ ಹೋದರು. ಆಯುಧವೆಂದರೆ ಒಂದು ಪೈಪು, ಒಂದು ಹಳೆಯ ಕ್ಯಾಮೆರಾ, ಮತ್ತು ಪೀಪಾಯಿಯ ಮೇಲೆ ಗಾಜಿಟ್ಟು ಒಂದೂವರೆ ವರ್ಷ ಸುತ್ತ ಪ್ರದಕ್ಷಿಣೆ ಹಾಕುತ್ತ ತಾವೇ ತಿಕ್ಕಿದ ಆರಿಂಚಿನ ದುರ್ಬೀನು ಕನ್ನಡಿ. ಗುರಿ ಉಂಗುರ ನೀಹಾರಿಕೆ, ಅಂದರೆ ಸಾಯುತ್ತಿರುವ ನಕ್ಷತ್ರವೊಂದು ಊದಿಬಿಟ್ಟ ಹೊಗೆಯ ಬಳೆ. ಬರಿಗಣ್ಣಿಗೆ ಕಾಣದು. ಫೋಟೋ ಬೇಕಾದರೆ ಆಕಾಶ ಸರಿದಂತೆ ಮುಕ್ಕಾಲು ಗಂಟೆ ದುರ್ಬೀನನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಕೂರಬೇಕು.

ಡೊಂಬಿವಲಿಯ ದೀಪಗಳಿಗೆ ಬೇಸತ್ತು, ಅಕ್ಟೋಬರಿನ ಒಂದು ಸಂಜೆ ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ಮೀನುಬುಟ್ಟಿಗಳ ನಡುವೆ ಪೈಪು ನಿಲ್ಲಿಸಿಕೊಂಡು ದೀಪ ಕಡಿಮೆಯಿದ್ದ ಟಿಟ್ವಾಳಾ ಊರಿಗೆ ಹೋದರು. ಗೆಳೆಯನ ತಾರಸಿಯ ಮೇಲೆ ಯುದ್ಧ ನಡೆಯಿತು.

ಮರುದಿನ ಬಚ್ಚಲಲ್ಲಿ ಫಿಲ್ಮ್ ತೊಳೆದರು. ಒಂದೇ ಕೋಣೆಯ ಮನೆ. ಒಣಗಿಸಲು ಸ್ಟೋವಿನ ಮೇಲಿನ ಹಗ್ಗವೇ ಗತಿ.

"ಅಲ್ಲಿ ಬ್ಯಾಡ್ರೀ, ನನಗ ಒಗ್ಗರಣಿ ಹಾಕೂದೈತಿ," ಎಂದರು ಹೆಂಡತಿ ನೀಲಗಂಗಾ.

"ನಕ್ಷತ್ರಕ್ಕ ನಿನ್ನ ಒಗ್ಗರಣಿ ಏನ್ ಮಾಡತೈತಿ?"

ಅಂಚೆಕಾರ್ಡಿನಷ್ಟು ಪ್ರಿಂಟಿನಲ್ಲಿ, ಇರಬೇಕಾದ ಕಡೆಯಲ್ಲೇ, ದುಂಡನೆಯ ಉಂಗುರ! ಕನ್ನಡ ಸಂಘದ ಕಾರ್ಯದರ್ಶಿ ಚನ್ನಪ್ಪನವರು ಅದಕ್ಕೆ ಕಟ್ಟು ಹಾಕಿಸಿ ಸಂಘದ ಗೋಡೆಗೇರಿಸಿದರು. ರಾಜ್ಯೋತ್ಸವದಲ್ಲಿ ಸನ್ಮಾನವೆಂದು ಆಮಂತ್ರಣವೂ ಅಚ್ಚಾಯಿತು.

ಸಮಾರಂಭದ ಹಿಂದಿನ ದಿನ, ದೊಡ್ಡ ಪ್ರಿಂಟು ಮಾಡಿಸಲೆಂದು ಬಸಲಿಂಗಪ್ಪನವರು ನೆಗೆಟಿವ್ ತೆಗೆದು ಧೋತರದ ಚುಂಗಿನಿಂದ ಮೆಲ್ಲಗೆ ಒರೆಸಿದರು. ಸಾವಿರಾರು ವರ್ಷ ಬಾಳಿದ ನೀಹಾರಿಕೆ ಅಳಿಸಿಹೋಯಿತು. ಚುಂಗನ್ನು ಮೂಸಿದರು. ಬೆಳ್ಳುಳ್ಳಿ.

ಚನ್ನಪ್ಪನವರ ಮನೆಗೆ ಓಡಿದರು. "ಅದು ಎಣ್ಣಿ ಹನಿ ರೀ!"

"ಬಸಲಿಂಗಪ್ನೋರ, ಆಮಂತ್ರಣ ಹಂಚಿ ಆಗೇತಿ, ಶಾಲೂ ಬಂದೈತಿ. ಸುಮ್ನ ಬಂದು ಕೂಡ್ರಿ."

ಸುಮ್ಮನೆ ಹೋಗಿ ಕೂತರು. ಸಭೆಯೆಲ್ಲ ಚಪ್ಪಾಳೆ ತಟ್ಟುವಾಗ, ನಿಜ ತಿಳಿದಿದ್ದ ನೀಲಗಂಗಾ ಮಾತ್ರ ತಲೆ ತಗ್ಗಿಸಿದ್ದರು. ಶಾಲು ಕಾದ ಹಂಚಿನಂತೆ ಹೆಗಲು ಸುಟ್ಟಿತು. ಆಮೇಲೆ ನಮ್ಮ ವೀರರು ಸಂಘದ ಕಡೆ ಹಾಯಲಿಲ್ಲ; ಲೋಕಲ್ಲಿನಲ್ಲಿ ಕನ್ನಡ ಮಾತು ಕಿವಿಗೆ ಬಿದ್ದರೆ ಮುಂದಿನ ಸ್ಟೇಶನ್ನಿನಲ್ಲಿ ಡಬ್ಬಿ ಬದಲಿಸುತ್ತಿದ್ದರು.

ಮುಂದಿನ ಅಕ್ಟೋಬರಿನಲ್ಲಿ ಮತ್ತೆ ಟಿಟ್ವಾಳಾ. ಈ ಸಲ ಫಿಲ್ಮ್ ಒಣಗುವ ತನಕ ಮನೆಯಲ್ಲಿ ಒಗ್ಗರಣೆಯಿಲ್ಲದ ಸಾರು. ಸಿಕ್ಕಿದ್ದು ಸಾಸಿವೆ ಕಾಳಿನಷ್ಟು ಮಸುಕು ಚುಕ್ಕೆ. ಒರೆಸಿದರು, ಹೋಗಲಿಲ್ಲ. ಮತ್ತೊಮ್ಮೆ ಒರೆಸಿದರು.

ಅದಕ್ಕೂ ಕಟ್ಟು ಹಾಕಿಸಿ, ಶಾಲು ಹಿಡಿದು, ವರ್ಷದ ಮೇಲೆ ಸಂಘದ ಮೆಟ್ಟಿಲು ಹತ್ತಿದರು. ಚನ್ನಪ್ಪನವರು ಅದನ್ನು ನೋಡಿ, "ಮೊದಲಿಂದೇ ಛಲೋ ಇತ್ತು ಬಿಡ್ರಿ," ಎಂದರು.

ಬಸಲಿಂಗಪ್ಪನವರು ಶಾಲನ್ನು ಮಡಿಸಿ ಮೇಜಿನ ಮೇಲಿಟ್ಟರು. ಸ್ಟೂಲು ಹತ್ತಿ, ಹಳೆಯ ಫೋಟೋದ ಪಕ್ಕದಲ್ಲೇ ಹೊಸದನ್ನು ತೂಗುಹಾಕಿ, ಹಳೆಯದರ ಕೆಳಗೆ ಹಾಜರಿ ಪುಸ್ತಕದ ದುಂಡು ಅಕ್ಷರದ ಚೀಟಿಯೊಂದನ್ನು ಅಂಟಿಸಿದರು: "ಇದು ಒಗ್ಗರಣೆಯ ಎಣ್ಣೆ. ನೀಹಾರಿಕೆ ಪಕ್ಕದ್ದು. ಹತ್ತಿರ ಬಂದು ನೋಡಿರಿ."